ಆರನೇ ಪುಟದ ತೊಟ್ಟಿ

"ಮತ್ತೆ ಕೋಟ್ ಮುಚ್ಚಿಲ್ಲ ನೋಡು," ಎಂದ ಅಣ್ಣ, ಕೆಂಪು ಪೆನ್ನಿನ ತುದಿಯಿಂದ ತಂಗಿಯ ಲ್ಯಾಪ್‌ಟಾಪ್ ಪರದೆ ತೋರಿಸುತ್ತ. "ಟೋಕನ್‌ಗೆ ಮುಂಚೆ ಒಂದು, ಆಮೇಲೊಂದು. ತೆಗೆದ ಬಾಗಿಲು ಮುಚ್ಬೇಕು ಅಂತ ಚಿಕ್ಕೋಳಿದ್ದಾಗಿಂದ ಹೇಳ್ತಾನೇ ಇದೀನಿ."

ಗುಂಡುಸೂಜಿ ನಾಲಿಗೆ ಕಚ್ಚಿಕೊಂಡಳು. ನೆಲಕ್ಕೆ ಬಿದ್ದ ಗುಂಡುಸೂಜಿಯನ್ನೂ ಹುಡುಕಿ ಕೊಡುತ್ತಾಳೆಂದು ಊರೇ ಕೊಟ್ಟ ಹೆಸರು ಅದು. ಹದಿನೆಂಟು ವರ್ಷ ಪತ್ತೇದಾರಿಕೆ ಮಾಡಿದವಳು ಈಗ ಒಂದು ಪುಟಾಣಿ ಕೋಟ್ ಚಿಹ್ನೆಯ ಮುಂದೆ ನಾಲ್ಕನೇ ಸಲ ಸೋತಿದ್ದಳು.

ಗೋಡೆ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು.

ನಿನ್ನೆ ಮಧ್ಯಾಹ್ನ ಒಂದು ಹತ್ತಕ್ಕೆ, ಸಾರಿಗೆ ಕಂಟ್ರೋಲ್ ರೂಮಿನ ಇದೇ ಕಂಪ್ಯೂಟರ್ ಹಾಲ್‌ನ ಸ್ಟೋರೇಜ್‌ನಿಂದ ಒಂದು ವಾಲ್ಯೂಮ್, ಎಂದರೆ ದಾಖಲೆ ತುಂಬಿಡುವ ಒಂದು ಪೆಟ್ಟಿಗೆ, ಮಾಯವಾಗಿತ್ತು. ಅದರ ಹೊಟ್ಟೆಯಲ್ಲಿದ್ದ ರೆಕಾರ್ಡಿಂಗ್ ಒಬ್ಬ ಬಸ್ ಡ್ರೈವರನನ್ನು ಜೈಲಿನಿಂದ ಉಳಿಸಬೇಕಿತ್ತು.

ಮೂರು ತಿಂಗಳ ಹಿಂದೆ ನಾಲ್ಕು ರಸ್ತೆ ಕೂಡುವ ಕಡೆ ಅವನ ಬಸ್ಸು ಒಂದು ವ್ಯಾನಿಗೆ ಗುದ್ದಿ ಇಬ್ಬರು ಸತ್ತಿದ್ದರು. ತನಗೆ ಹಸಿರು ದೀಪವೇ ಇತ್ತೆಂದು ಡ್ರೈವರನ ಆಣೆ. ವ್ಯಾನಿನವರ ಕಡೆಯೂ ಹಸಿರೇ ಇತ್ತೆಂದು ಸಾಕ್ಷಿಗಳ ಆಣೆ. ಎರಡೂ ಕಡೆ ಒಟ್ಟಿಗೆ ಹಸಿರು ಹೇಗೆ ಬಂತೆಂದು ಹೇಳಬಲ್ಲದ್ದು ಆ ಮೂಲೆಯ ಕ್ಯಾಮೆರಾ ಮಾತ್ರ. ನಾಳೆ ಬೆಳಗ್ಗೆ ಕೊನೆಯ ವಿಚಾರಣೆ. ಡ್ರೈವರನ ಹೆಂಡತಿ ಬೆಳಗ್ಗೆಯಿಂದ ಕೆಳಗಿನ ಬೆಂಚಿನ ಮೇಲೆ ನೀರೂ ಮುಟ್ಟದೆ ಕೂತಿದ್ದಳು. ಗುಂಡುಸೂಜಿಯ ಕೈ ಹಿಡಿದು ಈ ಕೆಲಸ ಒಪ್ಪಿಸಿದವಳು ಅವಳೇ.

"ಈಗ ಒತ್ತು," ಎಂದ ಅಣ್ಣ.

ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರ ಬರಲಿಲ್ಲ. ಸ್ಟೋರೇಜ್ ತನ್ನ ಹೆಸರು ಹೇಳಿ, ಒಳಗೆ ಬಾ ಎಂದಿತು.

"ಭೇಷ್!" ಎಂದು ಅಣ್ಣ ಅವಳ ಮುಂದಿದ್ದ ಕೈಪಿಡಿಯ ಎರಡನೇ ಪುಟಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ.

ಗುಂಡುಸೂಜಿಗೆ ನಲವತ್ತೆಂಟು ವಯಸ್ಸು. ಆದರೂ ಆ ಕೆಂಪು ಗುರುತು ಕಂಡು ಒಳಗೊಳಗೇ ಹಿಗ್ಗಿದಳು. ಲೆಕ್ಕ ಕಲಿಸಿದವನು ಈ ಅಣ್ಣ. ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿದವನು ಈ ಅಣ್ಣ. ಹಿಡಿದಿದ್ದೇನೆ ಎಂದು ಹೇಳಿ ಕೈ ಬಿಟ್ಟವನಲ್ಲ. ಇವತ್ತೂ ಬೆಳಗ್ಗೆ ಹತ್ತರಿಂದ, ಒಂದಿಷ್ಟೂ ಬೇಸರಿಸದೆ, ತಂಗಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ.

ಆ ಎಂಟು ಪುಟಗಳ ಕೈಪಿಡಿ ಅವನದೇ ಕೈಬರಹ. ಇಪ್ಪತ್ತೆರಡು ವರ್ಷ ಈ ಹಾಲಿನ ಯಜಮಾನಿಕೆ ಮಾಡಿದವನು, ಹೊಸದಾಗಿ ಬಂದವರಿಗೆಂದು ಬರೆದದ್ದು. ಮೌಸ್ ಹಿಡಿದು ಪರದೆಯಲ್ಲಿ ತಡಕಾಡುವ ಬದಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಸ್ಟೋರೇಜ್ ಜೊತೆ ನೇರ ಮಾತಾಡಬೇಕು, ಅದಕ್ಕೆಂದೇ ಮೊದಲೇ ಬರೆದಿಟ್ಟ ಸಾಲುಗಳ ಒಂದು ಲೈಬ್ರರಿ ಇದೆ, ಅದನ್ನು ಹೀಗೆ ಹಾಕಿಕೊಳ್ಳಿ ಎನ್ನುವಲ್ಲಿಂದ ಶುರು. ಎರಡನೇ ಪುಟದಲ್ಲಿ ಒಂದು ಖಾಲಿ ಗೆರೆ: 'ನಿಮ್ಮ ಟೋಕನ್ ಇಲ್ಲಿ ಬರೆದುಕೊಳ್ಳಿ.' ಸ್ಟೋರೇಜ್ ಒಳಗೆ ಬಿಡುವ ಆ ಗುಟ್ಟಿನ ಸಂಕೇತವನ್ನು ಬಂದವರೆಲ್ಲ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಪ್ರತಿ ಪಾಠ ಮುಗಿದ ಮೇಲೆ ಅಣ್ಣ ಕೈಪಿಡಿಗಳನ್ನು ವಾಪಸ್ ಇಸಕೊಂಡು, ಶಾಲೆಯ ಮೇಷ್ಟರ ಹಾಗೆ ತಿದ್ದಿ ಕೊಡುತ್ತಿದ್ದ.

"ಮೇಡಂ, ನಾನು ಮಾಡಿಲ್ಲ," ಎಂದಿತು ಬಾಗಿಲ ಬಳಿಯಿಂದ ಒಂದು ಕ್ಷೀಣ ದನಿ. ಬೆಳಗ್ಗೆಯಿಂದ ಇದು ಎಷ್ಟನೇ ಸಲವೋ.

ಅವಳನ್ನು ಎಲ್ಲರೂ ಹೊಸಬಳು ಎನ್ನುತ್ತಿದ್ದರು. ಟೈಪಿಂಗ್ ವಿಭಾಗದಿಂದ ವರ್ಗವಾಗಿ ಬಂದು ಹದಿನೈದು ದಿನ. ವಾಲ್ಯೂಮ್ ಮಾಯವಾದದ್ದು ಅವಳ ಟೋಕನ್‌ನಿಂದ. ನಿನ್ನೆ ಸಂಜೆಯೇ ಟೋಕನ್ ಕಿತ್ತುಕೊಂಡಿದ್ದರು. ಇವತ್ತು ಸಂಜೆ ಪೊಲೀಸರಿಗೆ ಒಪ್ಪಿಸುವ ಮಾತಿತ್ತು. ಅತ್ತೂ ಅತ್ತೂ ಅವಳ ಕಣ್ಣು ಊದಿಕೊಂಡಿದ್ದವು.

"ಊಟಕ್ಕೆ ಹೋಗಿದ್ದೆ ಮೇಡಂ. ಒಂದು ಗಂಟೆಯಿಂದ ಒಂದೂವರೆವರೆಗೂ ಕ್ಯಾಂಟೀನಲ್ಲೇ ಇದ್ದೆ."

"ಊಟಕ್ಕೆ ಮುಂಚೆ ಏನು ಮಾಡ್ತಿದ್ರಿ?"

"ತಾಲೀಮು. ನಾಲ್ಕನೇ ಪುಟ, ಐದನೇ ಪುಟ. ತಾಲೀಮು ಅನ್ನೋ ಹೆಸರಲ್ಲಿ ಪುಟ್ಟ ವಾಲ್ಯೂಮ್ ಮಾಡೋದು, ಅಳಿಸೋದು. ಮತ್ತೆ ಮಾಡೋದು, ಅಳಿಸೋದು. ಕೈ ಪಳಗಲಿ ಅಂತ ಸಾರ್ ಹೇಳಿದ್ರು."

"ಪಾಪ, ಬೇಕೂಂತ ಮಾಡಿರಲ್ಲ," ಎಂದ ಅಣ್ಣ ಮೆಲ್ಲಗೆ. "ತಾಲೀಮು ಮಾಡೋವಾಗ ಹೆಸರು ತಪ್ಪಾಗಿ ಹೊಡೆದಿರ್ತಾಳೆ. ಎಡವಟ್ಟು ಅಷ್ಟೇ. ಅಳಿಸಿದ್ದು ತೊಟ್ಟೀಲಿ ಇರುತ್ತಲ್ಲ, ನಾನೇ ಹುಡುಕ್ದೆ. ಇಲ್ಲ. ಬಾ, ಮೂರನೇ ಪುಟಕ್ಕೆ ಹೋಗೋಣ."

ಅಷ್ಟರಲ್ಲಿ ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಗಂಡ. ಬೆಳಗ್ಗೆಯಿಂದ ಮೂರನೇ ಕರೆ.

"ಸಿಕ್ತಾ?" ಎಂದ. ಹಲೋ ಗಿಲೋ ಏನೂ ಇಲ್ಲ.

"ಇನ್ನೂ ಇಲ್ಲ ರೀ. ನಿಮ್ಮ ಭಾವ ನಂಗೆ ಅಕ್ಷರಾಭ್ಯಾಸ ಮಾಡಿಸ್ತಾ ಇದಾನೆ."

"ಹಂಗಾ. ಸರಿ. ಊಟ ಮಾಡು ಮೊದ್ಲು."

ಅವಳು ನಕ್ಕು ಫೋನಿಟ್ಟು, ಪಕ್ಕದಲ್ಲಿದ್ದ ಊಟದ ಚೀಲವನ್ನು ಆಚೆ ಸರಿಸಿದಳು. ಹಳೆಯ ನೀಲಿ ಪರದೆ ಬಟ್ಟೆಯಲ್ಲಿ ತಾನೇ ಹೊಲಿದ ಚೀಲ; ಬಟ್ಟೆ ಸಾಲದೆ ಕಿತ್ತಳೆ ಬಣ್ಣದ ಹಿಡಿ ಹಾಕಿದ್ದಳು. ಇಂಥದ್ದೇ ಇನ್ನೊಂದು ಗಂಡನಿಗೂ ಹೊಲಿದಿದ್ದಳು. ಸಿಗ್ನಲ್ ಮೆಕ್ಯಾನಿಕ್ ಮಹಾಶಯ ಅದನ್ನು ಬಸ್ಸಿನಲ್ಲಿ ಮರೆತು ಬಂದು ಬೈಸಿಕೊಂಡಿದ್ದ. ಈಗ ಪ್ಲಾಸ್ಟಿಕ್ ಕವರಿನಲ್ಲಿ ಡಬ್ಬಿ ಒಯ್ಯುತ್ತಿದ್ದ.

"ಮೂರನೇ ಪುಟ," ಎಂದ ಅಣ್ಣ.

ಗುಂಡುಸೂಜಿ ಆರನೇ ಪುಟ ತೆಗೆದಳು.

"ಅಯ್ಯೋ, ಕ್ರಮವಾಗಿ ಹೋಗಮ್ಮ."

"ಕಥೆ ಪುಸ್ತಕಾನೂ ನಾನು ಕೊನೇ ಪುಟದಿಂದ್ಲೇ ಓದೋಳು, ನಿಂಗೆ ಗೊತ್ತಲ್ಲ."

ಆರನೇ ಪುಟದಲ್ಲಿ ತೊಟ್ಟಿಯ ವಿಷಯವಿತ್ತು. ಅಳಿಸಿದ ವಾಲ್ಯೂಮ್ ತಕ್ಷಣ ಸಾಯುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ತೊಟ್ಟಿಯಲ್ಲಿ ಬಿದ್ದಿರುತ್ತದೆ. ಅಷ್ಟರೊಳಗೆ ಒಂದೇ ಸಾಲಿನಲ್ಲಿ ಎತ್ತಿಕೊಳ್ಳಬಹುದು. ಗಡುವು ಮುಗಿದ ಮೇಲೆ ಬ್ರಹ್ಮ ಬಂದರೂ ಸಿಗದು.

ಅವಳಿಗೆ ಕೊಟ್ಟಿದ್ದ ಟೋಕನ್ ನೋಡುವುದಕ್ಕಷ್ಟೇ. ಏನನ್ನೂ ಮುಟ್ಟುವ ಅಧಿಕಾರ ಅದಕ್ಕಿರಲಿಲ್ಲ. ಅಳಿಸಿದವುಗಳ ಪಟ್ಟಿ ಕೊಡು ಎನ್ನುವ ಸಾಲನ್ನು ಒಂದೇ ಬೆರಳಿನಲ್ಲಿ ಕುಟ್ಟಿದಳು. ಕೋಟ್ ತೆರೆದಳು, ಮುಚ್ಚಿದಳು, ಒತ್ತಿದಳು.

ಪಟ್ಟಿ ಸರಸರ ಇಳಿಯಿತು. ತಾಲೀಮು ಒಂದು, ತಾಲೀಮು ಎರಡು, ತಾಲೀಮು ಮೂರು... ಹತ್ತೊಂಬತ್ತರವರೆಗೆ. ಎಲ್ಲವೂ ಹೊಸಬಳ ಕೈಕೆಲಸ.

"ನೋಡಿದ್ಯಾ? ಬರೀ ಕಸ," ಎಂದ ಅಣ್ಣ.

ಹೌದು, ಕಸವೇ. ಕಸದ ತೊಟ್ಟಿಯಲ್ಲಿ ಯಾರು ಕೈಯಾಡಿಸುತ್ತಾರೆ? ಆದರೆ ಅವಳ ಹೊಟ್ಟೆಪಾಡೇ ಅದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೆಸರಿನ ಪಕ್ಕದ ಅಂಕಣ ನೋಡುತ್ತ ಇಳಿದಳು. ಗಾತ್ರ: ಒಂದು ಜೀಬಿ. ಒಂದು ಜೀಬಿ. ಒಂದು ಜೀಬಿ. ಹದಿನೆಂಟು ಸಾಲು ಒಂದೇ ಅಚ್ಚು.

ಹತ್ತೊಂಬತ್ತನೆಯದರ ಗಾತ್ರ ನಲವತ್ತು ಸಾವಿರ ಜೀಬಿ.

ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಹೆಸರಿನ ಇನ್ನೊಂದು ಪಕ್ಕದಲ್ಲಿ ಪ್ರತಿ ವಾಲ್ಯೂಮಿಗೂ ಉದ್ದನೆಯ ಸೀರಿಯಲ್ ನಂಬರು. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಸೀರಿಯಲ್ ಹುಟ್ಟುಮಚ್ಚೆಯಂತೆ ಕೊನೆತನಕ ಇರುತ್ತದೆ. ಅವಳು ಫೈಲು ಬಿಚ್ಚಿದಳು. ಅಪಘಾತವಾದ ವಾರವೇ ರೆಕಾರ್ಡಿಂಗ್ ಕಾದಿಟ್ಟಿದ್ದೇವೆಂದು ಕೋರ್ಟಿಗೆ ಬರೆದುಕೊಟ್ಟ ರಶೀದಿ ಅಲ್ಲಿತ್ತು, ಅದೇ ಸೀರಿಯಲ್ ಸಮೇತ. ಒಂದೊಂದೇ ಅಂಕಿಯನ್ನು ಬೆರಳಿಟ್ಟು ಹೋಲಿಸಿದಳು. ಒಂದೂ ತಪ್ಪಲಿಲ್ಲ.

ಯಾರೋ ರೆಕಾರ್ಡಿಂಗಿಗೆ ತಾಲೀಮು ಎಂದು ಹೆಸರಿಟ್ಟು, ಹೊಸಬಳ ಕಸದ ನಡುವೆ ಎಸೆದಿದ್ದರು. ಉಳಿದಿರುವ ಸಮಯ: ಮೂವತ್ತೊಂದು ನಿಮಿಷ.

"ಸಿಕ್ತು!" ಎಂದು ಕೂಗಬೇಕೆಂದು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಅಣ್ಣ ಪರದೆ ನೋಡುತ್ತಿರಲಿಲ್ಲ. ಗೋಡೆ ಗಡಿಯಾರ ನೋಡುತ್ತಿದ್ದ.

ಅವಳು ಸದ್ದಿಲ್ಲದೆ ಇನ್ನೊಂದು ಸಾಲು ಕುಟ್ಟಿದಳು. ಯಾರು ಯಾವಾಗ ಬಂದು ಏನು ಮಾಡಿದರೆಂಬ ದಾಖಲೆ ಕೊಡು. ನಿನ್ನೆ ಒಂದು ಎಂಟಕ್ಕೆ ಹೆಸರು ಬದಲಾವಣೆ. ಒಂದು ಹತ್ತಕ್ಕೆ ಅಳಿಸುವಿಕೆ. ಎರಡೂ ಹೊಸಬಳ ಟೋಕನ್. ಸಾಲಿನ ಕೊನೆಯಲ್ಲಿ, ಬಾಗಿಲು ತಟ್ಟಿದ ಲೈಬ್ರರಿ ಯಾವ ಆವೃತ್ತಿಯದೆಂದು ಸ್ಟೋರೇಜ್ ಬರೆದಿಟ್ಟುಕೊಂಡಿತ್ತು.

ಒಂದು ಪಾಯಿಂಟ್ ನಾಲ್ಕು.

ಅದೇ ಹೊಸಬಳು ಊಟಕ್ಕೆ ಮುಂಚೆ ಮಾಡಿದ ತಾಲೀಮಿನ ಸಾಲುಗಳಲ್ಲೆಲ್ಲ ಎರಡು ಪಾಯಿಂಟ್ ಏಳು.

ಗುಂಡುಸೂಜಿ ಕೈಪಿಡಿಯ ಮೊದಲ ಪುಟಕ್ಕೆ ಮರಳಿದಳು. ಅಣ್ಣನ ದುಂಡನೆಯ ಅಕ್ಷರ, ಕೆಳಗೆ ಎರಡು ಗೆರೆ: 'ಎಲ್ಲರೂ ಎರಡು ಪಾಯಿಂಟ್ ಏಳನ್ನೇ ಹಾಕಿಕೊಳ್ಳತಕ್ಕದ್ದು.' ಹಾಲಿನಲ್ಲಿ ಎಲ್ಲರೂ ಹಾಕಿಕೊಂಡಿದ್ದರು. ಒಬ್ಬನನ್ನು ಬಿಟ್ಟು. ಬೆಳಗ್ಗೆ ಹತ್ತಕ್ಕೆ ಆವೃತ್ತಿ ನೋಡುವುದು ಹೇಗೆಂದು ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲೇ ತೋರಿಸಿ, ಹೊಟ್ಟೆ ಕುಲುಕುವಂತೆ ನಕ್ಕಿದ್ದನಲ್ಲ: "ನಂದು ಇನ್ನೂ ಒಂದು ಪಾಯಿಂಟ್ ನಾಲ್ಕೇ. ಹಳೇ ಸ್ಕ್ರಿಪ್ಟುಗಳು ಹೊಸದ್ರಲ್ಲಿ ಓಡಲ್ಲ ನೋಡು. ನಾನು ಬರೆದ ನಿಯಮ ನಂಗೇ ಇಲ್ಲ!"

ಆಗ ಅವಳೂ ನಕ್ಕಿದ್ದಳು.

"ಅಣ್ಣಾ," ಎಂದಳು. "ಇದು ನಿನ್ನ ಲ್ಯಾಪ್‌ಟಾಪಿಂದ ಹೋಗಿದೆ."

ಅವನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

"ಬೆಳಗ್ಗೆಯಿಂದ ನಂಗೆ ಪಾಠ ಹೇಳ್ತಾ ಕೂತಿದ್ದು ಇದಕ್ಕೇನಾ? ಒಂದು ಹತ್ತು ಆಗ್ಲಿ ಅಂತಾನಾ?"

"ನೀನು ಇಷ್ಟು ಬೇಗ ಕಲೀತೀಯ ಅಂದ್ಕೊಂಡಿರ್ಲಿಲ್ಲ."

ಅವಳಿಗೆ ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ. ಆ ಕೆಂಪು ಗುರುತಿಗೆ ಹಿಗ್ಗಿದ್ದಕ್ಕೆ, ಅಣ್ಣನಿಗೆ ಎಷ್ಟು ತಾಳ್ಮೆ ಎಂದು ಮನಸ್ಸಿನಲ್ಲೇ ಹೊಗಳಿದ್ದಕ್ಕೆ. ಆ ತಾಳ್ಮೆಯ ಒಂದೊಂದು ನಿಮಿಷವೂ ಡ್ರೈವರನ ಕುತ್ತಿಗೆಗೆ ಉರುಳಾಗುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಂಡು, ಭೇಷ್ ಎನ್ನುತ್ತ, ನಂಬಿಸಿ ಕತ್ತು ಕೊಯ್ದಿದ್ದ.

"ಸಾರ್," ಎಂದಳು ಹೊಸಬಳು. ಅವಳು ಬಾಗಿಲು ಬಿಟ್ಟು ಮೇಜಿನವರೆಗೂ ಬಂದಿದ್ದು ಯಾರಿಗೂ ಗೊತ್ತಾಗಿರಲಿಲ್ಲ. "ನನ್ನ ಟೋಕನ್ನೇ ಯಾಕೆ ಸಾರ್? ತಿದ್ದೋಕೆ ಅಂತ ಕೊಟ್ಟಿದ್ನಲ್ಲ, ಅದ್ರಲ್ಲಿ ನೋಡ್ಕೊಂಡ್ರಾ?"

"ನೀವು ಹೊಸಬರು. ಗೊತ್ತಿಲ್ದೆ ಮಾಡಿದೀರಿ ಅಂತ ಎಲ್ರೂ ನಂಬ್ತಾರೆ. ಒಂದು ಮೆಮೋ ಕೊಟ್ಟು ಬಿಡ್ತಾರೆ ಅಂದ್ಕೊಂಡೆ. ಪೊಲೀಸ್‌ವರೆಗೂ ಹೋಗುತ್ತೆ ಅಂತ..."

"ನಂಗೆ ಎರಡು ಮಕ್ಕಳಿದಾವೆ ಸಾರ್."

ಅಣ್ಣ ತಲೆ ತಗ್ಗಿಸಿದ. ಗುಂಡುಸೂಜಿ ತಟಕ್ಕನೆ ಎದ್ದು ನಿಂತಳು.

"ಯಾರಿಗೋಸ್ಕರ ಮಾಡ್ದೆ?"

"ನಿನಗೋಸ್ಕರ."

"ನನ್ನ ಹೆಸರು ಎಳೀಬೇಡ!"

"ಎಳೀದೇ ಇರೋಕೇ ಇಷ್ಟೆಲ್ಲಾ ಮಾಡಿದ್ದು," ಎಂದ ಅವನು. ಈ ಸಲ ಅವನ ದನಿಯೂ ಏರಿತ್ತು. "ಕೋರ್ಟಿಗೆ ಕಾಪಿ ತೆಗೆಯೋವಾಗ ನೋಡ್ದೆ. ನೋಡ್ಬಾರದಿತ್ತು. ಮೂರು ರಾತ್ರಿ ನಿದ್ದೆ ಮಾಡಿಲ್ಲ. ಬಿಟ್ಬಿಡು. ಇನ್ನು ಹತ್ತು ನಿಮಿಷ ಸುಮ್ನೆ ಕೂತ್ಕೋ. ನೀನೂ ನೋಡ್ಬೇಡ."

"ಕೆಳಗೆ ಒಬ್ಳು ಕೂತಿದಾಳಲ್ಲ, ಅವಳಿಗೆ ಏನು ಹೇಳ್ಲಿ?"

ಅಣ್ಣ ಮತ್ತೆ ಗೋಡೆ ಗಡಿಯಾರ ನೋಡಿದ.

"ತೊಟ್ಟಿಯಿಂದ ಎತ್ತೋ ಟೋಕನ್ ನಿಂದು ಬಿಟ್ರೆ ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲ."

"ಹಾಗಾದ್ರೆ ಎತ್ತು."

"ನನ್ನ ಕೈಲಿ ಆಗಲ್ಲ."

"ನನ್ನ ಕೈಲಿ ಆಗುತ್ತೆ. ನಿನ್ನ ಲ್ಯಾಪ್‌ಟಾಪ್ ಕೊಡು. ಕೊಡ್ಲಿಲ್ಲ ಅಂದ್ರೆ ಇದೇ ದಾಖಲೆ ಹಿಡ್ಕೊಂಡು ಕೆಳಗೆ ಹೋಗಿ, ಮಾಡಿದ್ದು ನಮ್ಮಣ್ಣ ಅಂತ ಅವಳ ಮುಂದೆ ಹೇಳ್ತೀನಿ. ಹೊರಟೆ ನಾನು."

ಅವಳು ನಿಜವಾಗಿಯೂ ಹೊರಟಳು. ನಾಲ್ಕು ಹೆಜ್ಜೆ ಇಟ್ಟಿದ್ದಳೋ ಏನೋ, ಮೇಜಿನ ಮೇಲೆ ಲ್ಯಾಪ್‌ಟಾಪ್ ಜರುಗಿದ ಸದ್ದು ಕೇಳಿಸಿತು.

"ನೀನೇ ತಗೋ," ಎಂದ ಅಣ್ಣ. "ಆಮೇಲೆ ಯಾಕೆ ಕೊಟ್ಟೆ ಅಂತ ನನ್ನ ಕೇಳ್ಬೇಡ."

ಒಂದು ಗಂಟೆ ನಾಲ್ಕು ನಿಮಿಷ.

ಆರನೇ ಪುಟದ ಕೊನೆಯ ಸಾಲು ನೋಡಿಕೊಂಡು ಕುಟ್ಟಿದಳು. ಒತ್ತಿದಳು. ಪರದೆ ತುಂಬ ಕೆಂಪು ಅಕ್ಷರ.

ಅಭ್ಯಾಸಬಲದಿಂದ ಅಣ್ಣನ ಮುಖ ನೋಡಿದಳು. ಅವನಿಗೆ ತಪ್ಪು ಎಲ್ಲಿದೆಯೆಂದು ಕಂಡಿತ್ತು. ಅವಳಿಗೆ ಅದು ಅವನ ಕಣ್ಣಲ್ಲೇ ಗೊತ್ತಾಯಿತು. ಆದರೆ ಅವನು ಬಾಯಿ ಬಿಡಲಿಲ್ಲ. ಹುಟ್ಟಿದಾಗಿನಿಂದ ಅವಳ ತಪ್ಪು ತಿದ್ದದೆ ಅವನು ಸುಮ್ಮನಿದ್ದದ್ದು ಇದೇ ಮೊದಲು. ಉಳಿದದ್ದೆಲ್ಲಕ್ಕಿಂತ ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

"ಮೇಡಂ, ಕೋಟ್," ಎಂದಳು ಹೊಸಬಳು.

ಮುಚ್ಚಿದಳು. ಒತ್ತಿದಳು. ಒಂದು ಏಳಕ್ಕೆ ತೊಟ್ಟಿಯ ಪಟ್ಟಿಯಿಂದ ಹತ್ತೊಂಬತ್ತನೇ ತಾಲೀಮು ಮಾಯವಾಗಿ, ಜೀವಂತ ವಾಲ್ಯೂಮುಗಳ ಪಟ್ಟಿಯಲ್ಲಿ ಎದ್ದು ಕೂತಿತು. ಹೊಸಬಳು ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಳು.

"ನೋಡ್ಬೇಡ," ಎಂದ ಅಣ್ಣ ಇನ್ನೊಮ್ಮೆ. ಅದು ಬೇಡಿಕೊಂಡ ಹಾಗಿತ್ತು.

ಏಳನೇ ಪುಟ: ವಾಲ್ಯೂಮನ್ನು ಒಂದು ಯಂತ್ರಕ್ಕೆ ಜೋಡಿಸುವುದು. ಒಂದೇ ಸಾಲು. ಪಕ್ಕದ ಮೇಜಿನ ದೊಡ್ಡ ಪರದೆಗೆ ಜೀವ ಬಂತು. ಹೊಸಬಳು ಕಣ್ಣೊರೆಸಿಕೊಂಡು ಎದ್ದು ಅಪಘಾತದ ದಿನ ಹುಡುಕಿಕೊಟ್ಟಳು, ಗಂಟೆ ಹುಡುಕಿಕೊಟ್ಟಳು.

ನಾಲ್ಕು ರಸ್ತೆ. ಬೆಳಗಿನ ಬಿಸಿಲು. ಮೂಲೆಯಲ್ಲಿ ಸಿಗ್ನಲ್ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಕ್ಯಾಮೆರಾಗೆ ಬೆನ್ನು ಹಾಕಿ ಒಬ್ಬ ಮೆಕ್ಯಾನಿಕ್ ಒಳಗೆ ಕೈ ಹಾಕಿದ್ದ. ಅವನು ಏನೋ ತಿರುಗಿಸಿದ. ಎರಡೂ ಕಡೆಯ ದೀಪಗಳು ಒಟ್ಟಿಗೆ ಹಸಿರಾದವು. ಅವನು ಕಿವಿಗೆ ಫೋನಿಟ್ಟುಕೊಂಡು, ದೀಪದತ್ತ ನೋಡದೆ, ನಗುತ್ತ ಮಾತಾಡುತ್ತಿದ್ದ. ಎಡದಿಂದ ಬಸ್ಸು ಬಂತು. ಬಲದಿಂದ ವ್ಯಾನು.

ಗುಂಡುಸೂಜಿ ಕಣ್ಣು ಮುಚ್ಚಿ ತೆರೆದಳು. ಮೆಕ್ಯಾನಿಕ್ ಒಂದು ಗಳಿಗೆ ಕಲ್ಲಿನಂತೆ ನಿಂತ. ಆಮೇಲೆ ಪೆಟ್ಟಿಗೆಯೊಳಗೆ ಮತ್ತೆ ಕೈ ಹಾಕಿ ಏನನ್ನೋ ತಿರುಗಿಸಿ, ಬಾಗಿಲು ದಡಾರನೆ ಮುಚ್ಚಿ, ಗಲ್ಲಿಯೊಳಕ್ಕೆ ಓಡಿದ. ಮುಖ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

ಮುಚ್ಚಿದ ಬಾಗಿಲಿನ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ನೀಲಿ ಬಟ್ಟೆ. ಕಿತ್ತಳೆ ಹಿಡಿ.

ಬಸ್ಸಿನಲ್ಲಿ ಮರೆತೆ ಎಂದಿದ್ದ. ಅವಳು ಬೈದಿದ್ದಳು. ಅವನು ತಲೆ ತಗ್ಗಿಸಿ ಬೈಸಿಕೊಂಡಿದ್ದ. ಮೂರು ತಿಂಗಳು ಅವಳ ಕೈಯ ಊಟ ಉಂಡು, ಅವಳ ಪಕ್ಕದಲ್ಲಿ ಮಲಗಿ, ಈ ಕೇಸು ಒಪ್ಪಿಕೊಂಡೆ ಎಂದಾಗ ಒಳ್ಳೇದಾಯ್ತು ಎಂದಿದ್ದ.

ಫೋನು ಗುಂಯ್‌ಗುಟ್ಟಿತು. ನಾಲ್ಕನೇ ಕರೆ.

"ಸಿಕ್ತಾ?"

"ಸಿಕ್ತು," ಎಂದಳು. "ನಿಮ್ಮ ಚೀಲಾನೂ ಸಿಕ್ತು ರೀ."

ಫೋನಿನಲ್ಲಿ ಲಿಫ್ಟಿನ ಗಂಟೆ ಟಿಣ್ ಎಂದಿತು. ಅದೇ ಗಂಟೆ ಹಾಲಿನ ಬಾಗಿಲಾಚೆಯಿಂದಲೂ ಕೇಳಿಸಿತು.

"ಬಾಗಿಲ ಹತ್ರಾನೇ ಇದೀನಿ," ಎಂದ ಗಂಡ, ಪಿಸುದನಿಯಲ್ಲಿ. "ಕೆಳಗೆ ಬೆಂಚಿನ ಮೇಲೆ ಕೂತಿದ್ರಲ್ಲ, ಡ್ರೈವರ್ ಹೆಂಡ್ತಿ, ಅವರನ್ನೂ ಕರ್ಕೊಂಡು ಬಂದಿದೀನಿ. ನಾನ್ಯಾರು ಅಂತ ಅವರಿಗೆ ಗೊತ್ತಿಲ್ಲ. ಸಿಕ್ಲಿಲ್ಲ ಅಂತ ಹೇಳ್ತೀಯೋ, ಸಿಕ್ತು ಅಂತ ಹೇಳ್ತೀಯೋ, ನಿಂಗೆ ಬಿಟ್ಟಿದ್ದು. ನನ್ನ ಮುಂದೇನೇ ಹೇಳು."

ಅಣ್ಣ ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಐದನೇ ಪುಟದ ಒಂದು ಸಾಲು, ಅಳಿಸುವ ಸಾಲು, ಸಾಕಿತ್ತು ಅವನಿಗೆ.

ಬಾಗಿಲನ್ನು ಯಾರೋ ತಟ್ಟಿದರು. ಎರಡೇ ಸಲ, ಅಂಜುತ್ತ ಅಂಜುತ್ತ. ಗುಂಡುಸೂಜಿಯ ಗಂಡ ಹಾಗೆ ತಟ್ಟುವವನಲ್ಲ; ಅದು ಡ್ರೈವರನ ಹೆಂಡತಿಯ ಕೈ.